ಸೋದರಮಾವನ ಪಿಕಪ್ಪಿಗೆ ಏಸಿ

ನಮ್ಮ ಹಳೆಯ ಪಿಕಪ್ ಗಾಡಿಗೆ ಏಸಿ ಹಾಕಿಸುತ್ತೇನೆ ಎಂದು ನಾನು ಜಗತ್ತಿಗೆ ಘೋಷಿಸಿದ್ದು ಅಕ್ಕನ ಮಗಳು ಇಂಚರಳ ನಿಶ್ಚಿತಾರ್ಥದ ಊಟದ ಪಂಕ್ತಿಯಲ್ಲಿ, ಎರಡನೆಯ ಸಲ ಒಬ್ಬಟ್ಟು ಬಡಿಸುತ್ತಿದ್ದಾಗ. ಒಬ್ಬಟ್ಟಿನ ಮೇಲೆ ತುಪ್ಪ ಬೀಳುವ ಹೊತ್ತಿನಲ್ಲಿ ಗಂಡಸು ಆಡುವ ಮಾತು ಯಾವ ನ್ಯಾಯಾಲಯದಲ್ಲೂ ನಿಲ್ಲಬಾರದು! ಆದರೆ ನನ್ನ ಹೆಂಡತಿ ರಮ್ಯಳ ನ್ಯಾಯಾಲಯದಲ್ಲಿ ಎಲ್ಲವೂ ನಿಲ್ಲುತ್ತದೆ.

ಗಾಡಿಯ ವಿಷಯ ಮೊದಲು ಹೇಳಬೇಕು. ನಮ್ಮದು ಕತ್ರಿಗುಪ್ಪೆ. ನಮ್ಮಪ್ಪ ಗಂಗಾಧರಯ್ಯನವರ ಕಾಲದಲ್ಲಿ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಬಾಡಿಗೆದಾರರು ಬೆಳೆಯುತ್ತಾರೆ. ಅಪ್ಪ ಹೋಗುವಾಗ ನನಗೆ ಬಿಟ್ಟದ್ದು ಎರಡು: ಮೂರಂತಸ್ತಿನ ಬಾಡಿಗೆ ಮನೆ, ಮತ್ತು ಸಾವಿರದ ಒಂಬೈನೂರ ಅರವತ್ತೆಂಟನೇ ಇಸವಿಯ ಹಸಿರು ಬಣ್ಣದ ಪಿಕಪ್. ಮನೆ ನನ್ನನ್ನು ಸಾಕುತ್ತದೆ, ಪಿಕಪ್ಪನ್ನು ನಾನು ಸಾಕುತ್ತೇನೆ. ಹತ್ತು ವರ್ಷದ ಹಿಂದೆ "ಈ ಡಬ್ಬಾನ ಯಾವಾಗ ಗುಜರಿಗೆ ಹಾಕ್ತೀರಾ ಅಂಕಲ್?" ಎಂದು ಕೇಳುತ್ತಿದ್ದ ಬಾಡಿಗೆದಾರರೇ ಈಗ ಅದಕ್ಕೆ ಒರಗಿ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಡಬ್ಬ ಅದೇ! ಮಧ್ಯೆ ಯಾರೋ ಅದಕ್ಕೆ 'ಕ್ಲಾಸಿಕ್' ಎಂದು ಹೆಸರಿಟ್ಟರು, ಅಷ್ಟೆ. ನನಗೂ ಐವತ್ತನಾಲ್ಕಾಯಿತು, ನನ್ನನ್ನು ಮಾತ್ರ ಇನ್ನೂ ಯಾರೂ ಹಾಗೆ ಕರೆದಿಲ್ಲ.

ಪಂಕ್ತಿಯಲ್ಲಿ ನನ್ನ ಪಕ್ಕದ ಎಲೆಗೆ ಕೂತಿದ್ದ ಇಂಚರಳೇ ಶುರು ಮಾಡಿದ್ದು. "ಮಾವ, ಮುಹೂರ್ತದ ದಿನ ನಾನು ಛತ್ರಕ್ಕೆ ನಿಮ್ಮ ಪಿಕಪ್ಪಲ್ಲೇ ಎಂಟ್ರಿ ಕೊಡ್ಬೇಕು. ರೀಲ್ಸ್ ಸಖತ್ತಾಗಿ ಬರುತ್ತೆ!"

ಎದುರಿಗೆ ಕೂತಿದ್ದ ಅಕ್ಕ ನಾರಾಯಣಮ್ಮ ಒಬ್ಬಟ್ಟನ್ನು ಅರ್ಧಕ್ಕೇ ನಿಲ್ಲಿಸಿದಳು. "ಏಪ್ರಿಲ್ ಬಿಸಿಲಲ್ಲಿ ಆ ತಗಡಿನ ಒಲೆ ಒಳಗಾ? ನಾಲ್ಕು ಗಂಟೆ ಕೂತು ಮಾಡ್ಸಿಕೊಂಡ ಮೇಕಪ್ ಏನಾಗ್ಬೇಕು?"

ಹಸೆಮಣೆಗೆ ಹೆಣ್ಣನ್ನು ಕರೆತರುವುದು ಸೋದರಮಾವನ ಹಕ್ಕು. ಆ ಹಕ್ಕು ಒಂದು ಮೇಕಪ್ಪಿನ ಮುಂದೆ ಸೋಲುವುದೇ? ನಾನು ಎಡಗೈಯಲ್ಲಿ ಮೀಸೆ ತಿರುವಿದೆ. "ಅಕ್ಕಾ! ಏಸಿ ಹಾಕಿಸ್ತೀನಿ. ಇಂಚರ ಐಸ್‌ಕ್ರೀಮ್ ಇದ್ದಂಗೆ ಬಂದು ಇಳೀತಾಳೆ ನೋಡ್ತಿರು!"

ರಮ್ಯ ಸಾರನ್ನ ಕಲಸುತ್ತ ತಲೆ ಎತ್ತದೆ ಹೇಳಿದಳು. "ಐಸ್‌ಕ್ರೀಮ್ ಕರಗುತ್ತೆ ರೀ."

ಅಂದಿನಿಂದ ನಮ್ಮ ಮನೆಯಲ್ಲಿ ಶೀತಲ ಸಮರ. ಏಸಿ ಬರುವ ಮೊದಲೇ ತಂಪು ಶುರುವಾಯಿತು!

ನಮ್ಮ ಗಾಡಿಯ ಡಾಕ್ಟರು ವಿಲ್ಸನ್ ಗಾರ್ಡನ್‌ನ ಯುವರಾಜ್. ಹೆಸರಿಗೆ ಯುವರಾಜ, ವಯಸ್ಸು ಅರವತ್ತು, ಇನ್ನೂ ಪಟ್ಟಾಭಿಷೇಕವಾಗಿಲ್ಲ. ಜಗತ್ತಿನಲ್ಲಿ ಅವನು 'ಆಗಲ್ಲ' ಎನ್ನುವ ಕೆಲಸವೇ ಇಲ್ಲ. ಅದೇ ಅವನ ದೊಡ್ಡ ದೋಷ ಎಂಬುದು ನನಗೆ ಆಗ ತಿಳಿಯಲಿಲ್ಲ.

"ಏಸಿ ತಾನೆ ಸಾರ್? ಹಾಕೋಣ ಬಿಡಿ. ಹಳೇ ಗಾಡಿಗಳಿಗೆ ಅಂತಲೇ ಕಿಟ್ ಬರುತ್ತೆ. ನಾಲ್ಕು ಬೋಲ್ಟು, ಎರಡು ಪೈಪು, ಮುಗೀತು."

"ನಾಲ್ಕೇ ಬೋಲ್ಟಾ?"

"ನಾಲ್ಕೇ ಸಾರ್."

ಮೂರನೇ ದಿನ ಫೋನು ಬಂತು. "ಸಾರ್, ನಿಮ್ಮ ಡೈನಮೋ ಒಂದು ಹೆಡ್‌ಲೈಟ್ ಉರಿಸೋಕೇ ಉಸ್ಸಪ್ಪಾ ಅನ್ನುತ್ತೆ. ಏಸಿಗೆ ಕರೆಂಟ್ ಸಾಲಲ್ಲ. ಆಲ್ಟರ್ನೇಟರ್ ಹಾಕ್ಬೇಕು." ಹಾಕು ಎಂದೆ. ಆಲ್ಟರ್ನೇಟರ್ ಬಂದ ಮೇಲೆ ಹಳೆಯ ವೈರುಗಳು ಅದರ ರಭಸ ತಾಳಲಾರವು ಎಂದು ವೈರಿಂಗ್ ಬದಲಾಯಿತು. ಏಸಿಯ ಜಾಲರಿ ರೇಡಿಯೇಟರಿನ ಮುಂದೆ ಕೂತು ಗಾಳಿಗೆ ಅಡ್ಡವಾಯಿತೆಂದು ದೊಡ್ಡ ರೇಡಿಯೇಟರ್ ಬಂತು. ದೊಡ್ಡ ರೇಡಿಯೇಟರಿಗೆ ಹಳೆಯ ಫ್ಯಾನು ಸಾಲದೆಂದು ಕರೆಂಟಿನ ಫ್ಯಾನು ಬಂತು. ಮೂಗುತಿ ಕೊಳ್ಳಲು ಹೋದವಳು ಮೂಗನ್ನೇ ಬದಲಾಯಿಸಿಕೊಂಡು ಬಂದ ಹಾಗಾಯಿತು!

ಆಮೇಲೆ ತೂತುಗಳ ಪ್ರಶ್ನೆ. ನಮ್ಮ ಗಾಡಿಯ ತಳದಲ್ಲಿ ತುಕ್ಕು ತಿಂದ ಮೂರು ಗವಾಕ್ಷಿಗಳಿದ್ದವು. ಸಿಗ್ನಲ್ಲಿನಲ್ಲಿ ಬಿಳಿ ಗೆರೆ ದಾಟಿದ್ದೇನೋ ಇಲ್ಲವೋ ಎಂದು ನಾನು ನೋಡುತ್ತಿದ್ದದ್ದೇ ಅವುಗಳಿಂದ. "ಇಲ್ಲಿಂದ ತಣ್ಣನೆ ಗಾಳಿ ಎಲ್ಲಾ ರೋಡಿಗೆ ಹೋಗುತ್ತೆ ಸಾರ್" ಎಂದು ಯುವರಾಜ್ ಅವಕ್ಕೆ ತಗಡು ಹೊಡೆದ. ಬಾಗಿಲಿಗೆ, ಕಿಟಕಿಗೆ, ಸಂದುಗೊಂದಿಗೆಲ್ಲ ಹೊಸ ರಬ್ಬರ್ ತುರುಕಿದ. ಎಷ್ಟು ಬಿಗಿಯಾಯಿತೆಂದರೆ, ಒಂದು ಬಾಗಿಲು ಹಾಕಿದರೆ ಒಳಗಿನ ಗಾಳಿಗೆ ಹೋಗಲು ದಾರಿ ಸಿಗದೆ ಇನ್ನೊಂದು ಬಾಗಿಲು ತಾನೇ ತೆರೆದುಕೊಳ್ಳುತ್ತಿತ್ತು!

ಕೊನೆಗೆ ಗಾಡಿ ನೋಡಲು ಹೋದೆ. ಡ್ಯಾಶ್‌ಬೋರ್ಡಿನ ಕೆಳಗೆ, ನಡುವೆ ಕೂರುವವರ ಮೊಣಕಾಲು ಇರಬೇಕಾದ ಜಾಗದಲ್ಲಿ, ಅಕ್ಕಿ ಡಬ್ಬದ ಗಾತ್ರದ ಕಪ್ಪು ಪೆಟ್ಟಿಗೆಯೊಂದು ನೇತಾಡುತ್ತಿತ್ತು. ಅದಕ್ಕೆ ನೀಲಿ ಗುಂಡಿ ಒಂದು, ಕೆಂಪು ಗುಂಡಿ ಒಂದು.

"ಕೆಂಪು ಯಾಕಯ್ಯಾ?"

"ಹೀಟರ್ ಸಾರ್. ಇಂಜಿನ್ನಿನ ಬಿಸಿ ನೀರನ್ನ ಈ ಪೆಟ್ಟಿಗೆಗೆ ತಂದು ಬಿಸಿ ಗಾಳಿ ಬಿಡುತ್ತೆ."

"ಬೆಂಗಳೂರಲ್ಲಿ ಹೀಟರ್ ಇಟ್ಕೊಂಡು ಏನು ಹಪ್ಪಳ ಒಣಗಿಸ್ಲಾ?"

"ಕಿಟ್ ಜೊತೆ ಫ್ರೀ ಸಾರ್."

ಫ್ರೀ! ಆ ಪದ ಕೇಳಿದ ಮೇಲೆ ನಮ್ಮ ವಂಶದಲ್ಲಿ ಯಾರೂ ಮುಂದಿನ ಪ್ರಶ್ನೆ ಕೇಳಿದ ದಾಖಲೆಯಿಲ್ಲ.

ಮರುದಿನ ಬೆಳಗ್ಗೆ ಆರು ಗಂಟೆಗೆ ರಮ್ಯಳನ್ನು ಕೂರಿಸಿಕೊಂಡು ಪರೀಕ್ಷಾರ್ಥ ಸವಾರಿ ಹೊರಟೆ. ನೀಲಿ ಗುಂಡಿ ಒತ್ತಿದೆ. ಇಂಜಿನ್ ಒಮ್ಮೆ ಬಿಕ್ಕಿತು, ಆಮೇಲೆ ಪೆಟ್ಟಿಗೆಯಿಂದ ಬಂತು ನೋಡಿ ಗಾಳಿ! ಬನಶಂಕರಿಯವರೆಗೆ ತಣ್ಣಗೆ ಹೋಗಿ ತಣ್ಣಗೆ ಬಂದೆವು. ನನ್ನ ಎದೆ ಉಬ್ಬಿ ಸ್ಟೇರಿಂಗಿಗೆ ತಾಗಿತು.

"ಹೆಂಗೆ?" ಎಂದೆ.

"ಬೆಳಗ್ಗೆ ಆರು ಗಂಟೇಲಿ ಕಿಟಕಿ ತೆಗೆದಿದ್ರೂ ಹಿಂಗೇ ಇರ್ತಿತ್ತು ರೀ."

"ನಿನಗೆ ತಂಪಾಯ್ತಾ ಇಲ್ವಾ, ಅದು ಹೇಳು."

"ಮುಹೂರ್ತ ಅಭಿಜಿನ್ ಲಗ್ನ. ಮಧ್ಯಾಹ್ನ ಹನ್ನೆರಡೂ ಹತ್ತಕ್ಕೆ. ಅದೇ ಹೊತ್ತಲ್ಲಿ ಒಂದ್ಸಲ ಓಡಿಸಿ ನೋಡಿ."

ನೋಡಬೇಕಿತ್ತು. ಆದರೆ ಹೆಂಡತಿ ಕೊಟ್ಟ ಸಲಹೆಯನ್ನು ಅಂದೇ ಪಾಲಿಸಿದರೆ ಗಂಡಸಿನ ಹವಾ ಏನಾಗಬೇಕು? ಗಾಡಿಯ ಹವಾ ನಿಯಂತ್ರಣ ಮಾಡಿಸಲು ಹೋಗಿ ನನ್ನ ಹವಾ ಕಳೆದುಕೊಳ್ಳಲೇ?

ಮದುವೆ ದಿನ ಬಂತು. ಏಪ್ರಿಲ್ ಕೊನೆಯ ವಾರ, ಶುಕ್ರವಾರ. ಛತ್ರ ಕೋಣನಕುಂಟೆ ಹತ್ತಿರ. ಮೇಕಪ್ಪು ಜಯನಗರ ನಾಲ್ಕನೇ ಬ್ಲಾಕಿನಲ್ಲಿ. ಮೇಕಪ್ ಮೇಡಂ ತಮ್ಮ ಕನ್ನಡಿ, ತಮ್ಮ ಲೈಟು ಬಿಟ್ಟು ಎಲ್ಲಿಗೂ ಬರುವವರಲ್ಲವಂತೆ. ಅಮ್ಮ ಛತ್ರದಿಂದ ಎಂಟು ಗಂಟೆಗೇ ಫೋನು ಮಾಡಿದ್ದಳು. "ಲೋ ನಂದಾ, ಹತ್ತೂವರೆಗೆ ರಾವ್‌ಕಾಲ ಹತ್ತುತ್ತೆ ಕಣೋ. ಅಷ್ಟರೊಳಗೆ ಮಗೀನ ತಂದು ಇಳಿಸ್ಬಿಡು." ಅಮ್ಮ ಮುನಿಲಕ್ಷ್ಮಮ್ಮನಿಗೆ ಎಪ್ಪತ್ತೊಂಬತ್ತು, ರಾಹುಕಾಲದ ವಿಷಯದಲ್ಲಿ ಗಡಿಯಾರಕ್ಕೇ ಸಮಯ ಹೇಳಿಕೊಡುತ್ತಾಳೆ.

ಆದರೆ ಮೇಕಪ್ ಮುಗಿದದ್ದೇ ಹತ್ತೂವರೆಗೆ. ಇಂಚರ ಹೊರಗೆ ಬಂದಾಗ ನಾನು ಗುರುತು ಹಿಡಿಯದೆ "ನಮ್ಮ ಹುಡುಗಿ ಇನ್ನೂ ಎಷ್ಟು ಹೊತ್ತು ಮೇಡಂ?" ಎಂದು ಅವಳನ್ನೇ ಕೇಳಿದೆ. ಹಿಂದೆಯೇ ಬಂದ ಮೇಕಪ್ ಮೇಡಂ ಕಟ್ಟುನಿಟ್ಟಾಗಿ ಎಚ್ಚರಿಸಿದರು.

"ಸಾರ್, ಟೆಂಪರೇಚರ್ ಇಪ್ಪತ್ತಾರು ದಾಟಬಾರದು. ನೇರ ಬಿಸಿಲು ತಾಗಬಾರದು. ಜಾಸ್ತಿ ಅಲ್ಲಾಡಿಸಬೇಡಿ."

"ಮೇಡಂ, ಇದು ಮದುಮಗಳಾ, ಔಷಧಿ ಬಾಟ್ಲಾ?"

ಕಿಟಕಿ ಪಕ್ಕ ಇಂಚರ, ನಡುವೆ ಆ ಕಪ್ಪು ಪೆಟ್ಟಿಗೆಯನ್ನು ಮಗುವಿನಂತೆ ಮಡಿಲಲ್ಲಿಟ್ಟುಕೊಂಡು ರಮ್ಯ, ಚಕ್ರದ ಹಿಂದೆ ರೇಷ್ಮೆ ಪಂಚೆಯ ನಾನು. ನೀಲಿ ಗುಂಡಿ ಒತ್ತಿದೆ. ತಣ್ಣನೆ ಗಾಳಿ ಬಂತು. "ವಾವ್ ಮಾವ! ಯು ಆರ್ ದಿ ಬೆಸ್ಟ್!" ಎಂದಳು ಇಂಚರ. ಆ ಮಾತು ಕೇಳಿ ನಾನು ಸ್ವರ್ಗದಲ್ಲಿದ್ದೆ. ಸ್ವರ್ಗ ಬನಶಂಕರಿ ದೇವಸ್ಥಾನದವರೆಗೆ ಇತ್ತು.

ಶುಕ್ರವಾರ! ರಾಹುಕಾಲ! ದೇವಸ್ಥಾನದಲ್ಲಿ ನಿಂಬೆಹಣ್ಣಿನ ದೀಪ ಹಚ್ಚಲು ಇಡೀ ದಕ್ಷಿಣ ಬೆಂಗಳೂರೇ ಬಂದು ನಿಂತಿತ್ತು. ಹೂವಿನ ಗಾಡಿ, ನಿಂಬೆಹಣ್ಣಿನ ಬುಟ್ಟಿ, ಆಟೋ, ಬಸ್ಸು, ಎಲ್ಲವೂ ಒಂದಕ್ಕೊಂದು ಅಂಟಿಕೊಂಡಿದ್ದವು. ಮೆಟ್ರೋ ಮಾತ್ರ ತಲೆಯ ಮೇಲೆ ನಮ್ಮನ್ನು ಅಣಕಿಸುತ್ತ ಹೋಯಿತು. ನಮ್ಮ ಗಾಡಿ ನಿಂತಿತು. ಐದು ನಿಮಿಷ. ಹತ್ತು ನಿಮಿಷ. ಇಂಜಿನ್ನಿನ ಬಿಸಿ ತೋರಿಸಲೆಂದು ಹೊಸದಾಗಿ ಹಾಕಿಸಿದ್ದ ಮೀಟರಿನ ಮುಳ್ಳು ಮೆಲ್ಲಗೆ ಎದ್ದು ಕೆಂಪು ಗೆರೆಯತ್ತ ನಡೆಯತೊಡಗಿತು.

ಏಸಿ ಆರಿಸಿದೆ. ಮುಳ್ಳು ನಿಲ್ಲಲಿಲ್ಲ. "ಕಿಟಕಿ ಇಳಿಸಿ" ಎಂದಳು ರಮ್ಯ. ನನ್ನ ಕಡೆಯ ಗಾಜು ಬಿಸಿಲಿಗೆ ಉಬ್ಬಿದ ರಬ್ಬರಿನಲ್ಲಿ ಸಿಕ್ಕಿಕೊಂಡು ಕದಲಲಿಲ್ಲ. ಅವರ ಕಡೆಯದನ್ನು ರಮ್ಯ ಬಗ್ಗಿ ಶಕ್ತಿ ಹಾಕಿ ತಿರುವಿದಳು. ಹಿಡಿ ಕಳಚಿ ಅವಳ ಕೈಗೇ ಬಂತು! ಬಾಗಿಲು ತೆಗೆಯೋಣವೆಂದರೆ ಎರಡೂ ಪಕ್ಕ ಸ್ಕೂಟರುಗಳು, ಒಂದು ಅಂಗೈ ತೂರುವಷ್ಟೂ ಜಾಗವಿಲ್ಲ.

ಯುವರಾಜ್‌ಗೆ ಫೋನು ಹಚ್ಚಿದೆ. ರಮ್ಯ ಸ್ಪೀಕರಿಗೆ ಹಾಕಿದಳು.

"ಯುವರಾಜ್! ಮುಳ್ಳು ಕೆಂಪಿಗೆ ಬಂತು!"

"ಆಫ್ ಮಾಡ್ಬೇಡಿ ಸಾರ್, ಆಫ್ ಮಾಡಿದ್ರೆ ಮತ್ತೆ ಸ್ಟಾರ್ಟ್ ಆಗಲ್ಲ. ಒಂದೇ ದಾರಿ. ಹೀಟರ್ ಹಾಕಿ!"

"ಏನು?"

"ಕೆಂಪು ಗುಂಡಿ ಸಾರ್, ಫುಲ್! ಇಂಜಿನ್ ಬಿಸಿ ಎಲ್ಲಾ ಒಳಗೆ ಎಳ್ಕೊಳ್ಳುತ್ತೆ. ಇಂಜಿನ್ ಉಳ್ಕೊಳ್ಳುತ್ತೆ!"

"ನಾವು?"

"ನೀವು ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ ಸಾರ್."

ಏಪ್ರಿಲ್ ತಿಂಗಳು, ಹನ್ನೊಂದು ಗಂಟೆಯ ಬಿಸಿಲು, ಗಾಳಿಯಾಡದ ತಗಡಿನ ಪೆಟ್ಟಿಗೆ. ಮದುಮಗಳಿಗೆ ತಂಪು ಕೊಡುತ್ತೇನೆಂದು ತೊಡೆ ತಟ್ಟಿದ್ದ ನಾನು ನನ್ನ ಕೈಯಾರೆ ಹೀಟರ್ ಹಾಕಿದೆ! ಪೆಟ್ಟಿಗೆಯಿಂದ ಹೊರಟದ್ದು ಗಾಳಿಯಲ್ಲ, ಬೋಂಡಾ ಬಾಣಲೆಯ ಮೇಲೆ ಬಗ್ಗಿದಾಗ ಮುಖಕ್ಕೆ ಬಡಿಯುತ್ತದಲ್ಲ, ಅದು.

ಇಂಚರಳ ಮುಖದಲ್ಲಿ ವಲಸೆ ಶುರುವಾಯಿತು. ಮೊದಲು ಕಾಡಿಗೆ ಹೊರಟಿತು, ಎರಡು ಕೆನ್ನೆಗೆ ಎರಡು ಕಪ್ಪು ಕಾಲುವೆ. ಅದರ ಹಿಂದೆ ಗುಲಾಬಿ ಪುಡಿ. ಎಡಗಣ್ಣಿನ ಅಂಟಿಸಿದ ರೆಪ್ಪೆ ಕೆನ್ನೆಯವರೆಗೂ ಇಳಿದು ಅಲ್ಲಿಯೇ ವಿಶ್ರಾಂತಿಗೆ ನಿಂತಿತು.

"ಅತ್ತೆ, ಕರಗ್ತಿದ್ದೀನಾ?" ಎಂದಳು ಹುಡುಗಿ ತುಟಿ ಅಲುಗಿಸದೆ.

"ಸ್ವಲ್ಪ ಅಷ್ಟೆ ಕಂದಾ" ಎಂದ ರಮ್ಯ ಲಗ್ನಪತ್ರಿಕೆಯಿಂದ ಗಾಳಿ ಹಾಕುತ್ತ ನನ್ನ ಕಡೆ ನೋಡಿದಳು. ಆ ನೋಟಕ್ಕಿಂತ ಹೀಟರ್ ತಂಪಾಗಿತ್ತು.

ಆಗ ಹೊರಗಿನಿಂದ ಒಬ್ಬ ಅಜ್ಜಿ ಸ್ಕೂಟರುಗಳ ಮೇಲಿಂದ ಬಗ್ಗಿ ಗಾಜಿಗೆ ಮುಖವಿಟ್ಟು ಒಳಗೆ ಇಣುಕಿದಳು. ಕೈಯಲ್ಲಿ ನಿಂಬೆಹಣ್ಣಿನ ದೀಪದ ತಟ್ಟೆ. ಅವಳಿಗೆ ಕಂಡದ್ದು ಇಷ್ಟು: ಕಪ್ಪು ಕಣ್ಣೀರು ಸುರಿಸುತ್ತಿರುವ ಮದುಮಗಳು, ಮುಚ್ಚಿದ ಗಾಜು, ಕೈಯಲ್ಲಿ ಕಬ್ಬಿಣದ ಹಿಡಿ ಹಿಡಿದ ಹೆಂಗಸು, ಪಕ್ಕದಲ್ಲಿ ದಪ್ಪ ಮೀಸೆಯ, ಬೆವರುತ್ತಿರುವ ಗಂಡಸು.

"ಅಯ್ಯೋ! ಇಷ್ಟ ಇಲ್ದಿದ್ ಹುಡ್ಗೀನ ಮದ್ವೆಗೆ ಎಳ್ಕೊಂಡ್ ಹೋಗ್ತಾವ್ರೆ! ಪೊಲೀಸ್ ಕರೀರಪ್ಪೋ!"

ಹತ್ತು ನಿಮಿಷದಿಂದ ಕದಲದ ಟ್ರಾಫಿಕ್ಕಿನಲ್ಲಿ ಪೊಲೀಸರು ಮಾತ್ರ ಅರ್ಧ ನಿಮಿಷದಲ್ಲಿ ಬಂದರು. ಟ್ರಾಫಿಕ್ ಕಾನ್‌ಸ್ಟೇಬಲ್ ಗಾಜು ತಟ್ಟಿದರು.

"ಗ್ಲಾಸ್ ಇಳಿಸ್ರೀ!"

"ಇಳಿಯಲ್ಲ ಸಾರ್!"

"ಇಳಿಸಲ್ವಾ? ನನಗೇ ಇಳಿಸಲ್ಲ ಅಂತೀರಾ?"

ಅವರು ಸ್ಕೂಟರುಗಳನ್ನು ಸರಿಸಿ, ಹೊರಗಿನಿಂದ ಬಾಗಿಲು ತೆಗೆದರು. ಒಳಗಿನ ಬಿಸಿ ಮುಖಕ್ಕೆ ಬಡಿದು ಎರಡು ಹೆಜ್ಜೆ ಹಿಂದೆ ಸರಿದರು. ಆಮೇಲೆ ದನಿ ಮೆತ್ತಗೆ ಮಾಡಿ ಇಂಚರಳನ್ನು ಕೇಳಿದರು. "ಹೆದರ್ಬೇಡಿ ತಾಯಿ. ನಾವಿದ್ದೀವಿ. ಈ ಮನುಷ್ಯ ನಿಮಗೆ ಯಾರು?"

ಇಂಚರ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಈಗ ಸದ್ಯಕ್ಕೆ ಯಾರೂ ಅಲ್ಲ ಸಾರ್!"

ಅಜ್ಜಿ "ನಾನ್ ಹೇಳ್ಲಿಲ್ವಾ!" ಎಂದಳು. ಸುತ್ತ ಮೊಬೈಲುಗಳು ಎದ್ದವು. ಇಪ್ಪತ್ತೇಳು ವರ್ಷದ ಹಿಂದೆ ಈ ಹುಡುಗಿಯ ತೊಟ್ಟಿಲನ್ನು ಇದೇ ಗಾಡಿಯಲ್ಲಿ ತಂದವನು ನಾನು. ಇವತ್ತು ಅವಳ ಮುಹೂರ್ತ ತಪ್ಪಿಸಿ ಠಾಣೆಗೆ ಹೋಗುತ್ತೇನಲ್ಲ ಎಂದು ಶಲ್ಯದ ತುದಿಯಿಂದ ಕಣ್ಣೊರೆಸಿಕೊಂಡೆ. ಅದು ರಮ್ಯಳಿಗೆ ಕಂಡಿತು. ಅವಳು ಹಿಡಿ ಕೆಳಗಿಟ್ಟು ಕೈ ಮುಗಿದಳು.

"ಸಾರ್, ಇವರು ಹುಡುಗಿ ಸೋದರಮಾವ. ನಾನು ಇವರ ಹೆಂಡತಿ. ಏಸಿ ಹಾಕ್ಸಿದ್ರು, ಹಿಂಗಾಯ್ತು. ಹನ್ನೆರಡೂ ಹತ್ತಕ್ಕೆ ಲಗ್ನ. ಹುಡುಗಿಗೆ ಹುಡುಗ ಇಷ್ಟಾನೇ, ಮಾವನೇ ಇಷ್ಟ ಇಲ್ಲ ಅಷ್ಟೆ."

ಕಾನ್‌ಸ್ಟೇಬಲ್ ಲಗ್ನಪತ್ರಿಕೆ ಓದಿದರು. ಗಡಿಯಾರ ನೋಡಿದರು. "ಇದರಲ್ಲಿ ಏಸಿ ಇದೆಯಾ?" ಎಂದು ಒಳಗೆ ಕೈ ಚಾಚಿ, ಸುಟ್ಟವರಂತೆ ಹಿಂದಕ್ಕೆ ಎಳೆದುಕೊಂಡರು. "ಏನ್ ಸಾರ್, ಓದಿದವರ ಥರ ಕಾಣ್ತೀರ!"

ದಾರಿ ತೋರಿಸಿದವಳು ಇಂಚರಳೇ. ಅಜ್ಜಿ ಕೊಟ್ಟ ಬಾಟಲಿ ನೀರಿನಲ್ಲಿ ರಸ್ತೆಯ ಮೇಲೇ ಮುಖ ತೊಳೆದು, ರಮ್ಯಳ ಸೆರಗಿನಲ್ಲಿ ಒರೆಸಿಕೊಂಡಳು. ನಾಲ್ಕು ಗಂಟೆಯ ಕಲೆ ನಾಲ್ಕು ಬೊಗಸೆಯಲ್ಲಿ ಹೋಯಿತು. ಸೀರೆ ಎತ್ತಿ ಹಿಡಿದು ಪಿಕಪ್ಪಿನ ಹಿಂಭಾಗಕ್ಕೆ ಹತ್ತಿದಳು. "ಅತ್ತೆ, ಬನ್ನಿ! ಮಾವ, ನೀವು ಗಾಡಿ ಓಡ್ಸಿ ಅಷ್ಟೆ. ಬೇರೆ ಏನೂ ಮುಟ್ಬೇಡಿ!"

ಕಾನ್‌ಸ್ಟೇಬಲ್ ಆಕಾಶ ನೋಡಿದರು. "ಹಿಂದೆ ಜನ ಕೂರಿಸೋ ಹಾಗಿಲ್ಲ. ನಾನಂತೂ ನೋಡಿಲ್ಲ. ನಿಧಾನಕ್ಕೆ ಹೋಗಿ" ಎಂದು ಸೀಟಿ ಊದುತ್ತ ಮುಂದೆ ನಡೆದರು. ಬಸ್ಸುಗಳು ಸರಿದವು, ಆಟೋಗಳು ಸರಿದವು, ನಿಂಬೆಹಣ್ಣಿನ ಬುಟ್ಟಿಗಳೂ ಸರಿದವು. ಸಾರಕ್ಕಿ ಸಿಗ್ನಲ್ಲಿನಲ್ಲಿ ಜನ ಕೈ ಬೀಸಿದರು. ಕನ್ನಡಿಯಲ್ಲಿ ನೋಡಿದರೆ ನಮ್ಮ ಹುಡುಗಿ ಸರಳು ಹಿಡಿದು ನಿಂತು, ಮಲ್ಲಿಗೆ ದಂಡೆ ಹಾರಿಸಿಕೊಂಡು, ಚುನಾವಣೆ ಗೆದ್ದವರ ಹಾಗೆ ಎಲ್ಲರಿಗೂ ಕೈ ಮುಗಿಯುತ್ತಿದ್ದಳು. ಪಕ್ಕದಲ್ಲಿ ನನ್ನ ಹೆಂಡತಿ ಹೊಟ್ಟೆ ಹಿಡಿದು ನಗುತ್ತಿದ್ದಳು. ಅವರಿಬ್ಬರಿಗೂ ಒಳ್ಳೆ ಗಾಳಿ. ನಾನೊಬ್ಬ, ಹೀಟರ್ ಆರಿಸುವ ಧೈರ್ಯವಿಲ್ಲದೆ, ಮುಂದೆ ಕೂತು ಬೇಯುತ್ತಿದ್ದೆ.

ಛತ್ರ ತಲುಪಿದಾಗ ಹನ್ನೆರಡು ದಾಟಿ ಎರಡು ನಿಮಿಷ. ರಾಹುಕಾಲವೂ ಮುಗಿದಿತ್ತು! ಮದುಮಗ ಲಿಖಿತ್ ಬಾಗಿಲಿಗೇ ಓಡಿ ಬಂದು, ಗಾಳಿಗೆ ಕೆದರಿದ ಕೂದಲಿನ ಇಂಚರಳನ್ನು ಬಾಯಿ ತೆರೆದು ನೋಡುತ್ತ ನಿಂತ. ಅಮ್ಮ ಮೊಮ್ಮಗಳ ಕೆನ್ನೆ ಸವರಿ, "ನಿನ್ನೆ ರಿಸೆಪ್ಸನ್‌ನಾಗೆ ಯಾರ್ನೋ ನಿಲ್ಸಿದ್ರಲ್ಲ, ಇವತ್ತು ನಮ್ ಮಗೀನೇ ಬಂದೈತೆ" ಎಂದಳು.

ನಾನು ಗಾಡಿಯಿಂದ ಇಳಿದೆ. ಪಂಚೆ, ಅಂಗಿ, ಶಲ್ಯ ಎಲ್ಲವೂ ತೊಯ್ದು ಮೈಗೆ ಅಂಟಿದ್ದವು. ಅಡುಗೆಯವರ ಮೇಸ್ತ್ರಿ ನನ್ನನ್ನು ನೋಡಿ "ಎಲ್ಲಿ ಹೋಗಿದ್ದೆ ಇಷ್ಟೊತ್ತು? ತಗೋ!" ಎಂದು ಸಾಂಬಾರಿನ ಬಕೆಟ್ ಕೈಗೆ ಕೊಟ್ಟ. ಅದನ್ನು ಒಂದು ಕಂಬದ ಪಕ್ಕ ಇಟ್ಟು, ಓಡಿ ಹೋಗಿ ಸೋದರಮಾವನ ಹಕ್ಕು ಚಲಾಯಿಸಿದೆ. ಹಸೆಮಣೆಯ ಹತ್ತಿರ ಫೋಟೋಗ್ರಾಫರ್ ಕೂಗಿದ. "ಅಂಕಲ್, ನೀವು ಸ್ವಲ್ಪ ಫ್ರೇಮ್‌ನಿಂದ ಆಚೆ!"

ಧಾರೆ ಮುಗಿಯಿತು. ಊಟಕ್ಕೆ ಬಂದ ಯುವರಾಜ್, ಎಲೆಯಡಿಕೆ ಹಾಕಿಕೊಂಡು ಬಾನೆಟ್ಟಿನೊಳಗೆ ತಲೆ ತೂರಿಸಿ ಐದು ನಿಮಿಷದಲ್ಲಿ ರೋಗ ಹಿಡಿದ.

"ಫ್ಯಾನ್ ಉಲ್ಟಾ ತಿರುಗ್ತಿತ್ತು ಸಾರ್. ವೈರ್ ಅದಲು ಬದಲು. ಓಡುವಾಗ ಗೊತ್ತಾಗಲ್ಲ, ನಿಂತಾಗ ಬಿಸಿ. ಈಗ ಸರಿ ಮಾಡಿದ್ದೀನಿ."

ಕೂತು ನೋಡಿದೆ. ಬಿಸಿಲಿನಲ್ಲಿ ನಿಂತ ಗಾಡಿ, ನಡು ಮಧ್ಯಾಹ್ನ, ಅರ್ಧ ಗಂಟೆ. ಮುಳ್ಳು ಕದಲಲಿಲ್ಲ, ಗಾಳಿ ಹಿಮದ ಹಾಗೆ! ನನ್ನ ಬೆವರು ಆರಿತು. ಬೆವರಿನ ಜೊತೆ ಬುದ್ಧಿಯೂ ಆರಿತೆಂದು ಕಾಣುತ್ತದೆ. ಮೀಸೆ ಮತ್ತೆ ತಾನಾಗಿ ಮೇಲಕ್ಕೆದ್ದಿತು.

ಸಂಜೆ ಐದಕ್ಕೆ ಹೆಣ್ಣೊಪ್ಪಿಸುವ ಶಾಸ್ತ್ರ. ಅಕ್ಕ ಅತ್ತಳು, ಭಾವ ಅತ್ತರು, ಅಮ್ಮ ಅತ್ತಳು. ಬೆಂಗಳೂರಿನ ಈಗಿನ ಹುಡುಗಿ ಇಂಚರ ಮಾತ್ರ ನಗುತ್ತಲೇ ಇದ್ದಳು. "ಅಳೋಕೇನಿದೆ ಅಮ್ಮಾ? ಬಿಟಿಎಂ ಲೇಔಟ್ ತಾನೆ? ಭಾನುವಾರ ತಿಂಡಿಗೆ ಬರ್ತೀನಿ." ಫೋಟೋಗ್ರಾಫರ್ ಅಂಗಲಾಚಿದ. "ಮೇಡಂ, ಒಂದೇ ಒಂದು ಹನಿ. ಆಲ್ಬಂಗೆ ಬೇಕು." ಅವಳ ಕಣ್ಣಿನಲ್ಲಿ ಪಸೆಯೂ ಇರಲಿಲ್ಲ.

ನಾನು ಜನರ ನಡುವೆ ದಾರಿ ಮಾಡಿಕೊಂಡು ಮುಂದೆ ಬಂದೆ. ಗಾಡಿಯ ಬಾಗಿಲು ಅಗಲಕ್ಕೆ ತೆಗೆದು ಹಿಡಿದೆ.

"ಬಾ ಮಗಳೇ. ಏಸಿ ಈಗ ಪಕ್ಕಾ ರೆಡಿಯಾಗಿದೆ. ಗಂಡನ ಮನೆವರೆಗೂ ಈ ನಿನ್ನ ಮಾವನೇ ಬಿಡ್ತಾನೆ!"

ಇಂಚರ ಗಾಡಿ ನೋಡಿದಳು. ನನ್ನನ್ನು ನೋಡಿದಳು. ಮರುಕ್ಷಣ "ಅಮ್ಮಾ!" ಎಂದು ಚೀರಿ ಅಕ್ಕನನ್ನು ತಬ್ಬಿಕೊಂಡು ಗೊಳೋ ಎಂದು ಅತ್ತಳು. ಅವಳನ್ನು ನೋಡಿ ಬಂಧುಬಳಗವೆಲ್ಲ ಇನ್ನೊಂದು ಸುತ್ತು ಅತ್ತಿತು. ಕ್ಯಾಮೆರಾ ಪಟಪಟನೆ ಮಿಂಚಿತು.

ಬಾಗಿಲು ಹಿಡಿದು ನಿಂತಿದ್ದ ನನ್ನ ಕಿವಿಯಲ್ಲಿ ರಮ್ಯ ಮೆಲ್ಲಗೆ ಹೇಳಿದಳು. "ಅಂತೂ ಸೋದರಮಾವನಿಂದ ಒಂದು ಶಾಸ್ತ್ರವಾದ್ರೂ ಸಾಂಗವಾಗಿ ನಡೀತು ಕಣ್ರೀ!"